ಬ್ರೆಡ್ಡಕ್ಕನ ಎರವಲು ಮೂಗು

ಬೀದಿದೀಪಗಳು ಇನ್ನೂ ಆರಿಲ್ಲ. ಬೇಕರಿಯ ಹಿಂಬಾಗಿಲ ಒಳಬದಿಯಲ್ಲಿ, ಮಡಚುವ ಕುರ್ಚಿಯೊಂದರ ಮೇಲೆ ವಯಸ್ಸಾದ ಹೆಂಗಸೊಬ್ಬರು ಶಾಲು ಹೊದ್ದು ಕಣ್ಣು ಮುಚ್ಚಿ ಕುಳಿತಿದ್ದಾರೆ. ಪಾಪ, ನಿದ್ದೆ ಹತ್ತಿದೆ ಎಂದುಕೊಂಡು, ಪತ್ರಿಕೆಗೆ ಬರೆಯಲೆಂದು ಬಂದ ನಾನು ಸದ್ದಾಗದಂತೆ ದಾಟಿ ಹೋಗಲು ನೋಡುತ್ತೇನೆ. "ರಾತ್ರಿ ಬೆಳ್ಳುಳ್ಳಿ ಜಾಸ್ತಿ ತಿಂದಿದ್ದೀರ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ," ಎನ್ನುತ್ತಾರೆ ಅವರು, ಕಣ್ಣು ತೆರೆಯದೆಯೇ. ಹಲ್ಲುಜ್ಜಿ ಬಂದಿದ್ದೇನೆ ಎಂದು ವಾದಿಸುವ ಧೈರ್ಯ ಸಾಲದೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಅವರ ಎದುರಿಗೆ, ಗೋಡೆಯಷ್ಟು ಅಗಲದ ಹಳೆಯ ಇಟ್ಟಿಗೆ ಒಲೆಯ ಮುಂದೆ, ಅವರ ಸೊಸೆ ನಿಂತಿದ್ದಾರೆ. ತಲೆಗೆ ಬಿಳಿ ಬಟ್ಟೆ, ಮೊಣಕೈವರೆಗೆ ಹಿಟ್ಟು, ಒಲೆಯ ಕಬ್ಬಿಣದ ಬಾಗಿಲಿನತ್ತ ಓರೆಯಾಗಿ ಬಾಗಿದ ಕತ್ತು. ಒಳಗೆ ದಿನದ ಮೊದಲ ಸುತ್ತಿನ ಬ್ರೆಡ್ ಬೇಯುತ್ತಿದೆ. ಆ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರುತ್ತಿದೆ. ಆದರೆ ಅದನ್ನು ಬೇಯಿಸುತ್ತಿರುವವರಿಗೆ ಅದು ತಿಳಿಯುತ್ತಿಲ್ಲ. ಬೀದಿಯವರೆಲ್ಲ ಬ್ರೆಡ್ಡಕ್ಕ ಎಂದು ಕರೆಯುವ ಈ ಹೆಂಗಸಿಗೆ ಮೂರು ವರ್ಷಗಳಿಂದ ಯಾವ ವಾಸನೆಯೂ ಗೊತ್ತಾಗುವುದಿಲ್ಲ.

"ಅತ್ತೆ, ಹೇಗಿದೆ?" ಎಂದು ಕೇಳುತ್ತಾರೆ ಬ್ರೆಡ್ಡಕ್ಕ.

"ತಡಿ. ಇನ್ನೂ ಹಸಿ ಹಿಟ್ಟು."

ಸ್ವಲ್ಪ ಹೊತ್ತು ಕಳೆಯುತ್ತದೆ. ಅತ್ತೆಯ ಗಲ್ಲ ಒಂದಿಷ್ಟು ಮೇಲೇಳುತ್ತದೆ. "ಹೂಂ, ಈಗ ತೆಗಿ." ಬಾಗಿಲು ತೆರೆಯುತ್ತದೆ, ಉದ್ದ ಹಿಡಿಯ ಮರದ ಹಲಗೆ ಒಳಹೋಗುತ್ತದೆ, ಕಂದುಬಣ್ಣದ ಬ್ರೆಡ್ಡುಗಳು ಒಂದೊಂದಾಗಿ ಹೊರಬರುತ್ತವೆ. ಬ್ರೆಡ್ಡಕ್ಕ ಒಂದನ್ನು ತಿರುಗಿಸಿ ಅದರ ತಳವನ್ನು ಬೆರಳಿನಿಂದ ತಟ್ಟುತ್ತಾರೆ. ಟೊಳ್ಳು ಸದ್ದು ಬರುತ್ತದೆ. ಹಾಗೆ ಬಂದರೆ ಒಳಗೆಲ್ಲ ಬೆಂದಿದೆ ಎಂದರ್ಥ. ಅತ್ತೆ ಇನ್ನೂ ಕಣ್ಣು ತೆರೆದಿಲ್ಲ.

ಬೇಕರಿಯಲ್ಲಿ ಈ ಅತ್ತೆಯನ್ನು ಇನ್‌ಸ್ಪೆಕ್ಟ್ರಮ್ಮ ಎನ್ನುತ್ತಾರೆ. ಸಂಬಳವಿಲ್ಲ, ದಿನಕ್ಕೊಂದು ಬಿಸಿ ಬ್ರೆಡ್ ಉಂಟು. ಕುರ್ಚಿ ಅವರದೇ, ಮನೆಯಿಂದ ತಂದದ್ದು. ಅದರಲ್ಲಿ ಬೇರೆಯವರು ಕೂತರೆ ಅವರಿಗೆ ಸಿಟ್ಟು ಬರುತ್ತದಂತೆ. ನಾನು ಕೂರಲಿಲ್ಲ.

ಬ್ರೆಡ್ಡಕ್ಕ ಈ ಬೇಕರಿಗೆ ಸೇರಿದ್ದು ಮದುವೆಯಾದ ಹೊಸತರಲ್ಲಿ. ಗಂಡ ನಗರದ ಬಸ್ಸು ಓಡಿಸುತ್ತಾರೆ. ಮೊದಲು ತಟ್ಟೆ ತೊಳೆಯುವ ಕೆಲಸ, ಆಮೇಲೆ ಹಿಟ್ಟು ನಾದುವುದು, ಆಮೇಲೆ ಒಲೆ. ಒಲೆ ಸಿಕ್ಕ ದಿನ ಮನೆಗೆ ಓಡುತ್ತಲೇ ಹೋಗಿದ್ದೆ ಎಂದು ನೆನೆಸಿಕೊಳ್ಳುತ್ತಾರೆ. ಅತ್ತೆಗೆ ಮಾತ್ರ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. ಸೊಸೆ ಬಂದರೆ ಮನೆಯೆಲ್ಲ ಹುಳಿ ಹಿಟ್ಟಿನ ನಾತ ಎಂದು ಮೂಗು ಮುರಿಯುತ್ತಿದ್ದರು, ಸೊಸೆಯ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ಒಗೆಸುತ್ತಿದ್ದರು. ಸೊಸೆಯೂ ಏನು ಕಡಿಮೆಯಲ್ಲ. ಅತ್ತೆ ಮಂಡಿನೋವಿಗೆ ಹಚ್ಚುವ ಮುಲಾಮಿನ ಘಾಟು ತನಗೆ ತಲೆನೋವು ತರಿಸುತ್ತದೆ ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿಬಿಟ್ಟರು. ಅಂದಿನಿಂದ ಅತ್ತೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಚಳಿ ಇರಲಿ, ಗಾಳಿ ಇರಲಿ, ಹಟವೆಂದರೆ ಹಟ. ಬಸ್ಸಿನ ತುಂಬ ಜಗಳ ನೋಡಿ ಬಂದ ಗಂಡ ಮನೆಯಲ್ಲಿ ಯಾರ ಕಡೆಗೂ ತಿರುಗುತ್ತಿರಲಿಲ್ಲ.

ಆಮೇಲೆ ಆ ಬೆಳಗು ಬಂತು. ಉಗ್ರಾಣದಿಂದ ಹಿಟ್ಟಿನ ಮೂಟೆ ಹೊತ್ತು ಇಳಿಯುವಾಗ ಬ್ರೆಡ್ಡಕ್ಕನ ಕಾಲು ಜಾರಿತು. ಮೂಟೆ ಹೊಟ್ಟೆಯ ಮೇಲೆ, ತಲೆಯ ಹಿಂಭಾಗ ಮೆಟ್ಟಿಲಿನ ಅಂಚಿನ ಮೇಲೆ. ಮಣಿಕಟ್ಟು ಮುರಿದಿತ್ತು, ಕೂಡಿಕೊಂಡಿತು. ತಲೆಗೆ ಹೊಲಿಗೆ ಬಿತ್ತು, ಅದೂ ಮಾಗಿತು. ಮನೆಗೆ ಬಂದು ಸ್ವಲ್ಪ ದಿನವಾದ ಮೇಲೆ ಒಮ್ಮೆ ಸ್ಟೌವಿನ ಪಕ್ಕದಲ್ಲೇ ಅದಕ್ಕೆ ಬೆನ್ನು ಹಾಕಿ ನಿಂತು ಸೊಪ್ಪು ಬಿಡಿಸುತ್ತಿದ್ದರಂತೆ. ಅತ್ತೆ ಮಲಗುವ ಕೋಣೆಯಿಂದ ಹಾಲು ಸೀಯುತ್ತಿದೆ ಎಂದು ಕೂಗಿಕೊಂಡು ಬಂದರು. ಪಾತ್ರೆ ತಳಹಿಡಿದು ಹೊಗೆಯಾಡುತ್ತಿತ್ತು. ಸೊಸೆ ಸೊಪ್ಪು ಬಿಡಿಸುತ್ತಲೇ ಇದ್ದರು.

"ಪೆಟ್ಟು ಬಿದ್ದಿದ್ದು ಹಿಂದೆ, ಹೋಗಿದ್ದು ಮುಂದೆ," ಎಂದು ಬ್ರೆಡ್ಡಕ್ಕ ಈಗ ನಗುತ್ತಾರೆ. ಮೂಗಿನಿಂದ ಮೆದುಳಿಗೆ ಹೋಗುವ ಎಳೆಗಳು ಹರಿದಿರಬೇಕು, ಮತ್ತೆ ಬೆಳೆದರೆ ಬೆಳೆಯಬಹುದು, ಇಲ್ಲದಿದ್ದರೆ ಇಲ್ಲ ಎಂದರು ವೈದ್ಯರು. ಗಂಡ ಪರೀಕ್ಷೆ ಮಾಡಲೆಂದು ದಿನವಿಡೀ ಬೂಟಿನೊಳಗಿದ್ದ ಕಾಲುಚೀಲ ತಂದು ಹೆಂಡತಿಯ ಮುಖದ ಮುಂದೆ ಹಿಡಿದರಂತೆ. ಹೆಂಡತಿ ಮಿಸುಕಲಿಲ್ಲ. ಆಗಲೇ ಗಂಡನಿಗೆ ನಿಜವಾಗಿ ಹೆದರಿಕೆಯಾದದ್ದು.

ನಗುತ್ತಾ ಹೇಳಿದರೂ ಆ ತಿಂಗಳುಗಳು ಸುಲಭವಾಗಿರಲಿಲ್ಲ. ಊಟ ಒದ್ದೆ ಕಾಗದ ಅಗಿದಂತಿತ್ತು. ಮಗಳು ಬಂದು ತಬ್ಬಿದರೂ ಗಾಜಿನಾಚೆಯಿಂದ ತಬ್ಬಿದ ಹಾಗೆ. ಆದರೂ ವಾಸನೆ ಹೋದದ್ದನ್ನು ಅಲ್ಲಿ ಯಾರಿಗೂ ಹೇಳದೆ ಬೇಕರಿಗೆ ಮರಳಿದರು. ಗಡಿಯಾರ ಇಟ್ಟುಕೊಂಡರೆ ಸಾಲದೇ ಎಂದು ನಾನೂ ಕೇಳಿದೆ. ಈ ಒಲೆಗೆ ಗಡಿಯಾರದ ಹಂಗಿಲ್ಲ. ಎಡಮೂಲೆ ಬೇಗ ಕಾಯುತ್ತದೆ, ಮಳೆ ಬಂದರೆ ಬೆಂಕಿ ಮಂದ, ಸೆಖೆಯಿದ್ದರೆ ಹಿಟ್ಟು ಅವಸರದಲ್ಲಿ ಉಬ್ಬುತ್ತದೆ. ಒಲೆ ನೋಡುವವರೆಲ್ಲ ಮೂಗನ್ನೇ ನಂಬುತ್ತಾರೆ. ಮರಳಿದ ವಾರದಲ್ಲೇ ಒಂದು ಸುತ್ತು ಬ್ರೆಡ್ ಪೂರ್ತಿ ಕರಕಲಾಯಿತು. ಮಹಡಿಯ ಮೇಲಿದ್ದ ಬೇಕರಿ ಯಜಮಾನರಿಗೆ ಸೀದ ವಾಸನೆ ತಲುಪಿ ಅವರು ಓಡಿ ಬಂದಾಗಲೂ ಬ್ರೆಡ್ಡಕ್ಕ ಒಲೆಯ ಮುಂದೆಯೇ ನಿಂತಿದ್ದರು.

ಯಜಮಾನರು ಕೂಗಾಡಲಿಲ್ಲ. ಅವರನ್ನು ಬ್ರೆಡ್ ಕಟ್ಟುವ ಮೇಜಿನ ಕೆಲಸಕ್ಕೆ ಹಾಕಿದರು. ಆ ಮೇಜು ಇರುವುದು ಒಲೆಗೆ ಬೆನ್ನು ಮಾಡಿ. "ಬೈದಿದ್ರೆ ತಡ್ಕೋಬಹುದಿತ್ತು," ಎನ್ನುತ್ತಾರೆ ಬ್ರೆಡ್ಡಕ್ಕ. "ಹಿಂದೆ ಇನ್ನೊಬ್ರು ಬಾಗಿಲು ತೆಗೆಯೋ ಸದ್ದು ಕೇಳಿಸ್ತಾ ಇರುತ್ತೆ. ನಾನು ಕಾಗದ ಸುತ್ತಾ ಇರ್ತೀನಿ. ಅದನ್ನ ತಡ್ಕೊಳ್ಳೋಕಾಗ್ಲಿಲ್ಲ." ಮನೆಗೆ ಹೋದರೆ ಮಾತಿಲ್ಲ, ಜಗಳವೂ ಇಲ್ಲ. ಅತ್ತೆ ಬೇಕೆಂದೇ ಹಾಲ್‌ನಲ್ಲಿ ಕೂತು ಮುಲಾಮು ಹಚ್ಚಿಕೊಂಡು ನೋಡಿದರಂತೆ. ಯಾರೂ ಏನೂ ಅನ್ನಲಿಲ್ಲ. ಮನೆಯ ಆ ಮೌನವೇ ತನ್ನನ್ನು ಹೊರಡಿಸಿತು ಎನ್ನುತ್ತಾರೆ ಅತ್ತೆ.

ಒಂದು ದಿನ ಅತ್ತೆ, ಸೊಸೆ ಮನೆಯಲ್ಲೇ ಮರೆತ ಊಟದ ಡಬ್ಬಿಯ ನೆಪ ಹಿಡಿದು ಬೇಕರಿಗೆ ಬಂದರು. ಬಂದವರು ಡಬ್ಬಿ ಕೊಟ್ಟು ಹೋಗಬೇಕಲ್ಲ, ಹೋಗಲಿಲ್ಲ. ಕಟ್ಟುವ ಮೇಜಿನ ಪಕ್ಕದಲ್ಲಿ ಕೂತೇ, ಒಲೆ ನೋಡುತ್ತಿದ್ದವನಿಗೆ ಎಡಮೂಲೆಯ ಬ್ರೆಡ್ ಸೀಯುತ್ತಿದೆ ಎಂದರು. ಅವನು ನಕ್ಕ. ಬಾಗಿಲು ತೆಗೆದಾಗ ಎಡಮೂಲೆಯ ಬ್ರೆಡ್ ಸೀದಿತ್ತು. ಮನೆಯಲ್ಲಿ ಪಕ್ಕದ ಫ್ಲ್ಯಾಟಿನ ಗ್ಯಾಸ್ ಸೋರಿದ್ದನ್ನು, ತಮ್ಮ ಮಗ ಕದ್ದು ಸೇದಿದ ಸಿಗರೇಟನ್ನು ಮೂರು ಗೋಡೆಯಾಚೆಯಿಂದ ಪತ್ತೆ ಮಾಡಿದವರಿಗೆ ಇದೇನು ಮಹಾ? ಅವರು ನೇರ ಯಜಮಾನರ ಮುಂದೆ ಹೋಗಿ ನಿಂತರು. "ಅವಳ ಕೈ ಸರಿಯಾಗಿದೆ, ತಲೆ ಸರಿಯಾಗಿದೆ. ಮೂಗು ತಾನೆ ಬೇಕಾಗಿರೋದು? ನಾನು ತರ್ತೀನಿ."

ಯಜಮಾನರು ಯೋಚಿಸಿ ಒಂದು ಷರತ್ತು ಹಾಕಿದರು. ಇನ್ನೊಂದು ಸಲ ಸುಟ್ಟರೆ ಒಲೆಯನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು, ಆಮೇಲೆ ಕೇಳುವ ಹಾಗಿಲ್ಲ. ಅತ್ತೆ ಸೊಸೆಯನ್ನು ಕೇಳದೆಯೇ ಒಪ್ಪಿಕೊಂಡರು. ಮರುದಿನ ಬೆಳಗಿನ ಜಾವ ಮಡಚುವ ಕುರ್ಚಿ ಹಿಡಿದು ಸೊಸೆಯ ಹಿಂದೆ ನಡೆದು ಬಂದರು.

ಅಂದಿನಿಂದ ಒಲೆಯ ಮುಂದೆ ಜಗಳ ಶುರುವಾಯಿತು, ಮನೆಗೂ ಜೀವ ಬಂತು. ಈಗ ತೆಗಿ, ಇನ್ನೂ ಬೇಡ, ನಿಮಗೇನು ಗೊತ್ತು, ನಿನಗಿಂತ ಗೊತ್ತು. ಈ ಗದ್ದಲದ ನಡುವೆ ಬ್ರೆಡ್ಡಕ್ಕ ತಮಗೆ ಉಳಿದಿದ್ದನ್ನೆಲ್ಲ ಕೆಲಸಕ್ಕೆ ಹಚ್ಚಿದರು. ಹಿಟ್ಟಿಗೆ ಹುಳಿ ಹೆಚ್ಚಾಯಿತೇ ಎಂದು ಬೆರಳೊತ್ತಿ ನೋಡುತ್ತಾರೆ. ಒತ್ತಿದ ಗುಳಿ ನಿಧಾನವಾಗಿ ತುಂಬಿಕೊಂಡರೆ ಸರಿ, ಹಾಗೇ ಉಳಿದರೆ ಕೈಮೀರಿತು. ಒಲೆಯ ಬಾಗಿಲ ಬಳಿ ಕಿವಿಯಿಟ್ಟು ಕೇಳುತ್ತಾರೆ. ಹಸಿ ಇರುವಷ್ಟು ಹೊತ್ತು ಉಗಿಕಿಂಡಿ ಸುಂಯ್ ಎನ್ನುತ್ತಿರುತ್ತದೆ, ಬೆಂದು ಬಂದ ಹಾಗೆ ಆ ಸದ್ದು ಸಣ್ಣಗಾಗುತ್ತದೆ. ನನಗೂ ಕಿವಿಯಿಡಲು ಹೇಳಿದರು. ಕಿವಿ ಸುಟ್ಟುಕೊಂಡದ್ದು ಬಿಟ್ಟರೆ ನನಗೆ ಮತ್ತೇನೂ ತಿಳಿಯಲಿಲ್ಲ.

ಇಲ್ಲಿಂದ ಮುಂದಿನ ಕಥೆಯನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದರು. ಕಳೆದ ಚಳಿಗಾಲದಲ್ಲಿ ಅತ್ತೆಗೆ ನೆಗಡಿಯಾಯಿತು. ಮೂಗು ಪೂರ್ತಿ ಕಟ್ಟಿತು. ಯಜಮಾನರ ಷರತ್ತು ನೆನಪಿದ್ದ ಅವರು ಯಾರಿಗೂ ಹೇಳಲಿಲ್ಲ. ಶಾಲಿನ ಮರೆಯಲ್ಲಿ ಮೂಗೊರೆಸಿಕೊಳ್ಳುತ್ತಾ, ದಿನಾ ಹೇಳುವ ಹೊತ್ತನ್ನೇ ಅಂದಾಜು ಮಾಡಿ ಗತ್ತಿನಿಂದ "ಈಗ ತೆಗಿ" ಎನ್ನುತ್ತಿದ್ದರು.  ಸೊಸೆ ಒಲೆಬಾಗಿಲ ಹಿಡಿಯ ಕಡೆಗೆ ಕೈಚಾಚಿದರೆ ಒಳಗೆ ಇನ್ನೂ ಸುಂಯ್. ಅತ್ತೆಯ ದನಿ ಬೇರೆ ಗೊಗ್ಗರು. ಸೊಸೆಗೆ ಅರ್ಥವಾಗಿಹೋಯಿತು.

"ಕೈಗವಸು ಎಲ್ಲೋ ಬಿತ್ತು ಅಂತ ಹುಡುಕೋಕೆ ಶುರು ಮಾಡಿದ್ಲು," ಎನ್ನುತ್ತಾರೆ ಅತ್ತೆ, ಸೊಸೆ ಹಿಟ್ಟು ತರಲು ಒಳಹೋದಾಗ. "ಮೇಜಿನ ಕೆಳಗೆ ನೋಡಿದ್ಲು, ಮೂಟೆ ಹಿಂದೆ ನೋಡಿದ್ಲು. ಆಮೇಲೆ ಬಾಗಿಲು ತೆಗೆದ್ಲು. ಬ್ರೆಡ್ ಚಿನ್ನದ ಹಾಗಿತ್ತು. ಎರಡನೇ ಸುತ್ತಿಗೂ ಕೈಗವಸು ಕಳೀತು, ಮೂರನೇದಕ್ಕೂ ಕಳೀತು. ಅವಳ ಸೊಂಟಕ್ಕೇ ಸಿಕ್ಕಿಸ್ಕೊಂಡಿದ್ದು ನನಗೆ ಕಾಣ್ತಾ ಇತ್ತು. ಮೂಗು ಕಟ್ಟಿತ್ತು, ಕಣ್ಣು ಕಟ್ಟಿರ್ಲಿಲ್ಲವಲ್ಲ."

ನೆಗಡಿ ಬಿಡುವವರೆಗೂ ದಿನವೂ ಹೀಗೇ. ಒಂದು ಬ್ರೆಡ್ ಕೂಡ ಸುಡಲಿಲ್ಲ. ಅಂದರೆ ಸೊಸೆಗೆ ಈಗ ಎರವಲು ಮೂಗಿನ ಅಗತ್ಯವಿಲ್ಲ. ಇದು ಅತ್ತೆಗೆ ಗೊತ್ತು. ಅತ್ತೆಗೆ ಗೊತ್ತಿರುವುದು ಸೊಸೆಗೂ ಗೊತ್ತು. ಆದರೂ ಪ್ರತಿ ಸುತ್ತಿಗೂ "ಅತ್ತೆ, ಹೇಗಿದೆ?" ಎಂಬ ಪ್ರಶ್ನೆ ತಪ್ಪುವುದಿಲ್ಲ. ಯಾಕೆ ಕೇಳುತ್ತೀರಿ ಎಂದು ಬ್ರೆಡ್ಡಕ್ಕನನ್ನು ಕೇಳಿದೆ. ಅವರು ಹಿಟ್ಟು ತಟ್ಟುವುದನ್ನು ನಿಲ್ಲಿಸಲಿಲ್ಲ.

"ಮೇಜಿನ ಹತ್ರ ಬೆನ್ನು ಹಾಕ್ಕೊಂಡು ನಿಂತಿದ್ದಾಗ ನನ್ನನ್ನ ಇತ್ತ ತಿರುಗಿಸಿದ್ದು ಅವರು. ಈಗ ಕಿವಿ ಇದೆ, ಸರಿ. ಕಿವಿ ಜೊತೆ ಜಗಳ ಆಡೋಕಾಗುತ್ತಾ?"

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ, ಯಜಮಾನರು ಓದಿದರೆ ಎಂದು ಅನುಮಾನಿಸಿದೆ. ಬರೆಯಿರಿ ಎಂದು ನಕ್ಕದ್ದು ಅತ್ತೆ. ಯಜಮಾನರು ಆ ವಾರ ತಾವೇ ಕೆಳಗೆ ಬಂದು ಅವರ ಕುರ್ಚಿಯ ಪಕ್ಕ ನೆಗಡಿಗೆ ಬಿಸಿನೀರಿನ ಲೋಟ ಇಟ್ಟು ಹೋಗುತ್ತಿದ್ದರಂತೆ. ಷರತ್ತಿನ ಸುದ್ದಿ ಎತ್ತದೆಯೇ.

ಹೊರಗೆ ಬೆಳಕು ಪೂರ್ತಿ ಹರಿದಿದೆ. ಕೊನೆಯ ಸುತ್ತು ಹೊರಬಂದು ಕಪಾಟಿನಲ್ಲಿ ಆರುತ್ತಿದೆ. ಆರುವ ಬ್ರೆಡ್ಡಿನ ಹೊರಪದರ ಚಟಚಟ ಎಂದು ಸಣ್ಣಗೆ ಬಿರಿಯುವುದನ್ನು ಬ್ರೆಡ್ಡಕ್ಕ ಸೊಂಟಕ್ಕೆ ಕೈಯಿಟ್ಟು ಕೇಳುತ್ತಾ ನಿಂತಿದ್ದಾರೆ. ಈಗ ಅತ್ತೆ ಶಾಲಿನೊಳಗಿಂದ ಮುಲಾಮಿನ ಡಬ್ಬಿ ತೆಗೆಯುತ್ತಾರೆ. ಬೇಕರಿಗೆ ಬರಲು ಶುರು ಮಾಡಿದ ಮೇಲೆ ಬೆಳಗ್ಗೆ ಮಂಡಿ ಎಷ್ಟೇ ನೋಯಲಿ, ಕೊನೆಯ ಬ್ರೆಡ್ ಹೊರಬರುವವರೆಗೆ ಅವರು ಅದನ್ನು ಮುಟ್ಟುವುದಿಲ್ಲ. ಮುಲಾಮಿನ ಘಾಟಿನಲ್ಲಿ ಬ್ರೆಡ್ಡಿನ ವಾಸನೆ ಕಳೆದುಹೋಗುತ್ತದಲ್ಲ. ನೆಗಡಿಯ ವಾರದಲ್ಲೂ ಮುಟ್ಟಲಿಲ್ಲವಂತೆ.

ಮುಚ್ಚಳ ತೆಗೆದು ಮೊದಲು ತಮ್ಮ ಮಂಡಿಗೆ ಹಚ್ಚುವುದಿಲ್ಲ. ಡಬ್ಬಿಯನ್ನು ಸೊಸೆಯ ಮೂಗಿನ ಕೆಳಗೆ ಹಿಡಿಯುತ್ತಾರೆ. ದೂರದಲ್ಲಿದ್ದ ನನ್ನ ಕಣ್ಣಲ್ಲಿ ನೀರು ಬರುತ್ತದೆ, ಅಷ್ಟು ಖಾರ. ಬ್ರೆಡ್ಡಕ್ಕ ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದುಕೊಳ್ಳುತ್ತಾರೆ.

"ಬಂತಾ?"

"ಇಲ್ಲ ಅತ್ತೆ."

"ಸರಿ, ನಾಳೆ ನೋಡೋಣ." ದಿನವೂ ನಡೆಯುವ ಮಾತಂತೆ ಇದು, ಅತ್ತೆ ಇಲ್ಲಿಗೆ ಬಂದಂದಿನಿಂದ ಒಂದು ದಿನವೂ ತಪ್ಪಿಲ್ಲ. ಅತ್ತೆ ಕುರ್ಚಿಗೆ ಮರಳಿ ಮಂಡಿ ಉಜ್ಜಿಕೊಳ್ಳಲು ಕೂರುತ್ತಾರೆ.

ವಾಸನೆ ಮರಳಿ ಬಂದರೆ ಮೊದಲು ಯಾವುದು ಬರಲಿ ಎಂದು ಆಸೆ? ತಮ್ಮದೇ ಬ್ರೆಡ್ಡಿನದು ಎನ್ನುತ್ತಾರೆಂದು ನಾನು ಬರೆದುಕೊಳ್ಳಲು ಸಿದ್ಧನಾಗಿದ್ದೆ. ಬ್ರೆಡ್ಡಕ್ಕ ಅಲ್ಲವೆಂದು ತಲೆಯಾಡಿಸುತ್ತಾರೆ.

"ಬ್ರೆಡ್ ಚೆನ್ನಾಗೇ ಆಗ್ತಾ ಇದೆಯಲ್ಲ. ನನಗೆ ಆ ಮುಲಾಮು ಬರ್ಬೇಕು. ಮೂಗು ಮುಚ್ಕೊಂಡು, ಅತ್ತೆ, ಆ ಕಡೆ ಹೋಗಿ ಹಚ್ಕೊಳ್ಳಿ ಅಂತ ಒಂದ್ಸಲ ಬೈಬೇಕು. ಅಷ್ಟು ಆದ್ರೆ ಸಾಕು."

ಕುರ್ಚಿಯಿಂದ ಉತ್ತರ ಬರುತ್ತದೆ. "ಬೈಸ್ಕೊಳ್ಳೋಕೆ ನಾನೂ ಕಾಯ್ತಾ ಕೂತಿದ್ದೀನಿ."