ನೇರ ನಿಲ್ಲಲು ಕಲಿಸಿದ ಹವಾಲ್ದಾರರು

ಅವರ ಎಡಗಾಲಿನಲ್ಲಿ ಎರಡು ಬೆರಳುಗಳಿರಲಿಲ್ಲ. ಗಡಿಯ ಹಿಮ ತಿಂದುಹಾಕಿತ್ತು. ಚಪ್ಪಲಿ ಜಾರದಿರಲೆಂದು ಹಿಮ್ಮಡಿಗೆ ಒಂದು ಪಟ್ಟಿ ಹೊಲಿಸಿಕೊಂಡಿದ್ದರು. ಯಾರಾದರೂ ಕೇಳಿದರೆ, ನನಗೆ ಪಿಂಚಣಿ ಆಯಿತು, ಅವು ಇನ್ನೂ ಅಲ್ಲೇ ಡ್ಯೂಟಿಯಲ್ಲಿವೆ ಎಂದು ನಗುತ್ತಿದ್ದರು. ತರೀಕೆರೆಯ ಮಸೀದಿ ಬೀದಿಯ ಅವರನ್ನು ನಾವೆಲ್ಲ ಹವಾಲ್ದಾರರು ಎಂದೇ ಕರೆಯುತ್ತಿದ್ದೆವು.

ನನ್ನದು ಕಡೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಊರಿನ ಸೇವಾ ಕ್ಲಬ್ಬಿನ ಸದಸ್ಯನೂ ಹೌದು. ಆಗ ನಮ್ಮ ಸೇವೆಯೆಂದರೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಹಿಂದೊಂದು ಬ್ಯಾನರು, ಮುಂದೊಂದು ಫೋಟೊ. ಒಂದು ಸ್ವಾತಂತ್ರ್ಯ ದಿನ ಹವಾಲ್ದಾರರಿಗೂ ಪೇಟ ತೊಡಿಸಿದೆವು. ಎರಡು ಮಾತಾಡಿ ಎಂದು ಮೈಕು ಕೊಟ್ಟರೆ ಅದನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

"ಶಾಲು ಮನೇಲಿ ಬೇಕಾದಷ್ಟವೆ ಯಜಮಾನ್ರೇ. ಹಿರೇನಲ್ಲೂರಲ್ಲಿ ನಮ್ ಸುಬೇದಾರ್ರು ಲಕ್ವ ಹೊಡ್ದು ಮಲಗವ್ರೆ. ನಿಮ್ಮತ್ರ ಕಾರೈತಲ್ಲ, ಶಿವಮೊಗ್ಗದ ಆಸ್ಪತ್ರೆಗೆ ಕರ್ಕಂಡು ಹೋಗ್ತೀರಾ?"

ಸಭೆಯ ಮುಂದೆ ಹಾಗೆ ಕೇಳಿದ್ದಕ್ಕೆ ನನಗೆ ಸಿಟ್ಟು ಬಂತು. ಆದರೂ ಮರುವಾರ ಹೋದೆ. ಅಲ್ಲಿಂದ ಶುರುವಾಯಿತು. ತಿಂಗಳಿಗೊಂದು ಶನಿವಾರ ನಮ್ಮಲ್ಲೊಬ್ಬರು ಕಾರು ತೆಗೆದು, ಕಡೂರು, ಅಜ್ಜಂಪುರ, ತರೀಕೆರೆ ಕಡೆಯ ವಯಸ್ಸಾದ ಮಾಜಿ ಸೈನಿಕರನ್ನು ಹತ್ತಿಸಿಕೊಂಡು ಶಿವಮೊಗ್ಗಕ್ಕೆ ಹೋಗಿಬರುವುದು. ತಮಗೆ ಔಷಧಿ ಬೇಡದಿದ್ದರೂ ಹವಾಲ್ದಾರರು ಬರುತ್ತಿದ್ದರು. ತರೀಕೆರೆಯಲ್ಲಿ ಕಾರು ನಿಂತ ಕೂಡಲೇ, ಹತ್ತುವ ಮೊದಲು, ಹಿಂದಿನ ಸೀಟಿನ ಸುಬೇದಾರರಿಗೆ ಒಂದು ಸಲ್ಯೂಟ್. ಲಕ್ವದಿಂದ ಸುಬೇದಾರರ ಬಲಗೈ ಬಿದ್ದುಹೋಗಿತ್ತು. ಅವರು ತಲೆಯಾಡಿಸಿ ಕಿಟಕಿಯಾಚೆ ನೋಡುತ್ತಿದ್ದರು. ಮರಳಿ ಸಲ್ಯೂಟ್ ಕೊಡಲಾಗದ್ದು ಅವರಿಗೆ ಕಾಯಿಲೆಗಿಂತ ದೊಡ್ಡ ನೋವಾಗಿತ್ತು.

ಆಸ್ಪತ್ರೆಗೆ ಹೋದಷ್ಟೇ ಸಾವಿಗೂ ಹೋದೆವು. ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ ಹಳ್ಳಿಯಲ್ಲಿ ತೀರಿಕೊಂಡವರಿಗೆ ಬಂದೂಕಿನ ಗೌರವ ಕೊಡಲು ಯಾರೂ ಬರುವುದಿಲ್ಲ. ಹವಾಲ್ದಾರರು ಹಳೆಯ ಟೋಪಿ ಹಾಕಿಕೊಂಡು ಬರುತ್ತಿದ್ದರು. ದೇವನೂರಿನಲ್ಲಿ ಮೊದಲ ಸಲ ಅವರು ಸಲ್ಯೂಟ್ ಹೊಡೆದಾಗ ನಾವೂ ಹೊಡೆದೆವು, ಒಬ್ಬೊಬ್ಬರ ಕೈ ಒಂದೊಂದು ದಿಕ್ಕಿಗೆ. ಆಮೇಲೆ ನಮ್ಮನ್ನು ಮರೆಗೆ ಕರೆದು, "ಸಲ್ಯೂಟ್ ನಿಮ್ದಲ್ಲ. ನೀವು ಕೈ ಇಳಿಬಿಟ್ಟು ಸುಮ್ನೆ ನೇರ ನಿಂತ್ಕಳಿ," ಎಂದರು. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಬ್ಯಾನರಿಲ್ಲ, ಹಾರವಿಲ್ಲ. ಅವರು ಕೈ ಇಳಿಸಿ "ಸಾಕು" ಎನ್ನುವವರೆಗೆ ಯಾರೂ ಅಲುಗಾಡುವಂತಿಲ್ಲ.

ವರ್ಷ ಕಳೆದಂತೆ ಕಾರಿನಲ್ಲಿ ಜಾಗ ಹೆಚ್ಚಾಗುತ್ತ ಬಂತು. ಕೊನೆಗೆ ಉಳಿದವರು ಹವಾಲ್ದಾರರು, ಸುಬೇದಾರರು ಇಬ್ಬರೇ. ಒಮ್ಮೆ ಶಿವಮೊಗ್ಗದಿಂದ ಮರಳುವಾಗ ಹವಾಲ್ದಾರರು ತಾವಾಗಿಯೇ ಮಾತೆತ್ತಿದರು. ಈಗ ರಿಟೈರಾದ ಹುಡುಗರೆಲ್ಲ ದೂರದ ಊರುಗಳಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾರೆ ಎಂದರು. ಆಮೇಲೆ, "ನನ್ ಸರದಿಗೆ ಸಲ್ಯೂಟ್ ಹೊಡೆಯೋರು ಯಾರೂ ಇರಲ್ಲ ಕಣ್ರೀ," ಎಂದು ಮೆಲ್ಲಗೆ ಹೇಳಿದರು. ಹಿಂದಿನ ಸೀಟಿನಲ್ಲಿ ಸುಬೇದಾರರು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತ ಕುಳಿತಿದ್ದರು.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹವಾಲ್ದಾರರು ತೀರಿಕೊಂಡ ಸುದ್ದಿ ಬಂತು. ನಮ್ಮಲ್ಲಿ ನೆಂಟರೆಲ್ಲ ಬಂದು ಸೇರುವವರೆಗೆ ಕಾಯುತ್ತಾರೆ; ಇಲ್ಲೂ ಮಣ್ಣು ಮಾಡುವಾಗ ಸಂಜೆಯಾದರೂ ಆಗುತ್ತದೆ ಎಂದುಕೊಂಡೆವು. ಕ್ಲಬ್ಬಿನ ಹೊಸ ಅಧ್ಯಕ್ಷರು ಬರಿಗೈಯಲ್ಲಿ ಹೋಗುವುದು ಬೇಡವೆಂದು ದೊಡ್ಡ ಹೂವಿನ ಹಾರ ಕಟ್ಟಿಸಿದರು. ನಾನು ಹಿರೇನಲ್ಲೂರಿಗೆ ಹೋಗಿ ಸುಬೇದಾರರನ್ನು ಕರೆತಂದೆ. ಅವರಲ್ಲಿ ಹಾಗೆ ಕಾಯುವುದಿಲ್ಲ; ತರೀಕೆರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ನಮಾಜು ಮುಗಿದು, ಮಣ್ಣೂ ಆಗಿತ್ತು. ಖಬರಸ್ತಾನದಲ್ಲಿ ಒದ್ದೆ ಮಣ್ಣಿನ ದಿಬ್ಬ. ಹವಾಲ್ದಾರರ ಮಗ ಹಾರವನ್ನು ನೋಡಿ, ಒಳಗೆ ಬೇಡ ಎಂದು ವಿನಯದಿಂದಲೇ ಹೇಳಿದ. ಅದು ಕಾರಿನ ಡಿಕ್ಕಿಯಲ್ಲೇ ಉಳಿಯಿತು. ನಾವು ಕೈ ಇಳಿಬಿಟ್ಟು ನೇರ ನಿಂತೆವು.

ನನ್ನ ತೋಳು ಹಿಡಿದು ನಿಂತಿದ್ದ ಸುಬೇದಾರರು ತೊದಲುತ್ತ ಕೇಳಿದರು: "ಕೈ... ಸ್ವಲ್ಪ ಎತ್ತಪ್ಪಾ."

ಅವರ ಬಲಗೈಯನ್ನು ಮೊಣಕೈ ಹಿಡಿದು ಎತ್ತಿದೆ. ಮಡಚಿಕೊಂಡಿದ್ದ ಬೆರಳುಗಳನ್ನು ಬಿಡಿಸಿ ಹಣೆಗೆ ತಾಗಿಸಿದೆ. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆ ಕೈಯನ್ನು ಯಾವಾಗ ಇಳಿಸಬೇಕೋ ನನಗೆ ತಿಳಿಯಲಿಲ್ಲ. ಸಾಕು ಎನ್ನಬೇಕಾದವರು ಮಣ್ಣಿನಡಿಯಲ್ಲಿದ್ದರು.