ನಾಲ್ಕು ಬೆರಳು ಜಾಗ

ಔಷಧಿ ಗೋದಾಮಿನ ಸರ್ವರ್ ನೋಡಿಕೊಳ್ಳುವ ಹೆಂಗಸನ್ನು ಅಲ್ಲಿ ಎಲ್ಲರೂ ‘ನಾಲ್ಕ್ಬೆರಳು ಮೇಡಂ’ ಎಂದೇ ಕರೆಯುತ್ತಿದ್ದರು. ತಪ್ಪು ಅವರದಲ್ಲ. ಹನ್ನೊಂದು ವರ್ಷದಿಂದ ಆಕೆಯದು ಒಂದೇ ರಾಗ: “ಡಿಸ್ಕು ಬಾಯಿವರೆಗೆ ತುಂಬ್ಬೇಡಿ, ನಾಲ್ಕು ಬೆರಳು ಜಾಗ ಬಿಡಿ.” ತಾಯಿಯಿಲ್ಲದ ಆಕೆಯನ್ನು ಸಾಕಿದ ಅಕ್ಕ ಹಿಟ್ಟಿನ ಡಬ್ಬಿ ತುಂಬುವಾಗ ಹೇಳುತ್ತಿದ್ದ ಮಾತದು.

ಬಂದ ಪ್ರತಿ ಆರ್ಡರನ್ನೂ ಮೊದಲು ಲಾಗ್ ಎಂಬ ದಿನಚರಿಯಲ್ಲಿ ಬರೆದುಕೊಂಡೇ ಸರ್ವರ್ ಮುಂದಿನ ಕೆಲಸಕ್ಕೆ ಕೈಹಾಕುತ್ತದೆ. ಆ ದಿನಚರಿಗೆಂದೇ ಆಕೆ ಜಗಳವಾಡಿ ಬೇರೆ ಡಿಸ್ಕ್ ಹಾಕಿಸಿದ್ದಳು. ಬ್ಯಾಕಪ್ ಯಂತ್ರ ನಕಲು ತೆಗೆದುಕೊಂಡ ಮೇಲಷ್ಟೇ ಹಳೆಯ ಲಾಗ್ ಅಳಿದು ಜಾಗ ತೆರವಾಗುತ್ತಿತ್ತು. ದಿನಕ್ಕೆಷ್ಟು ಬೆಳೆಯುತ್ತದೆಂದು ಅಳೆದು, ಬ್ಯಾಕಪ್ ಮೂರು ದಿನ ಕೈಕೊಟ್ಟರೂ ಸಾಲುವಷ್ಟು ಜಾಗ ಇಟ್ಟಿದ್ದಳು. ಅಲ್ಲಿ ಬೇರೇನನ್ನೂ ಇಡಕೂಡದು. ಒಮ್ಮೆ ಮಗಳ ಫೋಟೊ ಇಟ್ಟ ಮ್ಯಾನೇಜರ್ ಎಲ್ಲರೆದುರು ಬೈಸಿಕೊಂಡಿದ್ದ.

ಆ ವಾರ ಬ್ಯಾಕಪ್ ಯಂತ್ರ ಕೆಟ್ಟಿತು. ಬಿಡಿಭಾಗ ಬರುವುದು ಮೂರನೆಯ ದಿನ ಸಂಜೆಗೆ. “ಅಲ್ಲೀವರೆಗೆ ತಡ್ಕೊಳ್ಳುತ್ತೆ, ಲೆಕ್ಕ ನಂದು,” ಎಂದಿದ್ದಳು. ಮೂರನೆಯ ದಿನ ಹನ್ನೊಂದೂ ಮುಕ್ಕಾಲಿಗೇ ಪರದೆಗಳೆಲ್ಲ ಒಟ್ಟಿಗೆ ನಿಂತುಹೋದವು. ಲಾಗ್ ಡಿಸ್ಕ್ ತುಂಬಿತ್ತು.

ಹೊರಗೆ ಮಕ್ಕಳ ಆಸ್ಪತ್ರೆಗೆ ಹೊರಟ ತಂಪು ವ್ಯಾನು ಕಾಯುತ್ತಿತ್ತು. ಸರ್ವರ್ ಚೀಟಿ ಕೊಡದೆ ಇಂಜೆಕ್ಷನ್ ಪೆಟ್ಟಿಗೆ ತಂಪುಕೋಣೆ ದಾಟುವಂತಿಲ್ಲ.

“ಹಳೇ ಲಾಗ್ ಅಳಿಸ್ಬಿಡಿ ಮೇಡಂ!” ಮ್ಯಾನೇಜರ್ ಬೆವತುಹೋಗಿದ್ದ.

“ಬ್ಯಾಕಪ್ ಆಗಿಲ್ಲ. ಅದನ್ನ ಅಳಿಸಿ, ಆಮೇಲೆ ಸರ್ವರ್ ಕೆಟ್ರೆ ಮೂರು ದಿನದ ಆರ್ಡರೆಲ್ಲ ಗೋವಿಂದ!”

“ಅದು ಬಿಟ್ಟು ಇನ್ನೇನಿದೆ ಅಲ್ಲಿ?”

ಏನೂ ಇಲ್ಲ ಎನ್ನಲು ಬಾಯಿ ತೆರೆದವಳು ಪಟ್ಟಿಯ ಕೊನೆ ನೋಡಿದಳು. ‘ಅಕ್ಕ’ ಎಂಬ ಫೋಲ್ಡರ್. ಎಂಟು ತಿಂಗಳ ಹಿಂದೆ ಫೋನ್ ಕೆಟ್ಟಾಗ, ಅಕ್ಕನ ವಿಡಿಯೋಗಳನ್ನೆಲ್ಲ ಎರಡು ದಿನದ ಮಟ್ಟಿಗೆಂದು ತಾನೇ ಅಲ್ಲಿಟ್ಟಿದ್ದಳು. ವಾರದೊಳಗೆ ಅಕ್ಕ ತೀರಿಕೊಂಡಳು. ಆಮೇಲೆ ಅತ್ತ ಕಣ್ಣು ಹಾಯಿಸುವ ಧೈರ್ಯವಾಗಲಿಲ್ಲ, ಲೆಕ್ಕಕ್ಕೂ ಸೇರಿಸಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ಆ ವಿಡಿಯೋಗಳಿಗೆ ಬೇರೆ ನಕಲಿರಲಿಲ್ಲ, ಸರ್ವರಿನ ಬೇರೆ ಡಿಸ್ಕಿನಲ್ಲಿ ಜಾಗವೂ ಇರಲಿಲ್ಲ. ಹೊರಗಿನ ಹಳೆಯ ಡಿಸ್ಕೊಂದನ್ನು ಸಿಕ್ಕಿಸಿ ನಕಲಿಗೆ ಹಾಕಿದಳು. ನಲವತ್ತು ನಿಮಿಷ ಎಂದಿತು ಪರದೆ.

ಡ್ರೈವರ್ ಬಾಗಿಲಿಗೇ ಬಂದ. “ಮೇಡಂ, ಈಗ ಹೊರಡದಿದ್ರೆ ಆಪರೇಷನ್ ಹೊತ್ತಿಗೆ ತಲುಪೋಕಾಗಲ್ಲ. ಆಸ್ಪತ್ರೆಯಿಂದ ಮೂರು ಸಲ ಫೋನ್ ಬಂತು.”

ನಕಲು ನಿಲ್ಲಿಸಿದಳು. ಆರಿಸಿ ಅಳಿಸುತ್ತ ಕೂರಲು ಹೊತ್ತಿರಲಿಲ್ಲ; ‘ಅಕ್ಕ’ನನ್ನು ಇಡಿಯಾಗಿ ಅಳಿಸಿದಳು. ಪರದೆಗಳು ಚಾಲೂ ಆದವು, ಚೀಟಿ ಹೊರಬಂತು, ಪೆಟ್ಟಿಗೆ ವ್ಯಾನು ಹತ್ತಿತು.

“ಏನಿತ್ತು ಮೇಡಂ ಅಲ್ಲಿ? ಯಾರಿಟ್ಟಿದ್ರು?” ಮ್ಯಾನೇಜರ್ ನಗುತ್ತ ಕೇಳಿದ.

“ನಾನೇ.”

ಆಕೆಯ ಮುಖ ನೋಡಿ ಅವನು ನಗು ನುಂಗಿಕೊಂಡು ಹೊರನಡೆದ.

ಹಳೆಯ ಡಿಸ್ಕಿನಲ್ಲಿ ಉಳಿದದ್ದು ಒಂದೇ ತುಣುಕು, ಒಂಬತ್ತು ಸೆಕೆಂಡಿನದು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸಿಡುಕುತ್ತಿದ್ದಳು: “ಆ ಫೋನ್ ಕೆಳಗಿಟ್ಟು ಊಟಕ್ಕೆ ಬಾರೇ, ಆರಿಹೋಗುತ್ತೆ.”

ಮೇಜಿನ ಮೇಲೆ ಮಧ್ಯಾಹ್ನದ ಬುತ್ತಿ ಹಾಗೇ ಇತ್ತು. ಆಕೆ ಅಳುತ್ತಲೇ ಅದರ ಮುಚ್ಚಳ ತೆಗೆದಳು.