ನನ್ನ ಪುಸ್ತಕದಲ್ಲಿ ಅವಳು ಬಂದಳು

"ಅಲ್ಲಲೇ ಗಿರಿಜಾ, ಆಕಿ ತಿರುಗಿ ಬರಂಗೇ ಇಲ್ಲ! ನೀ ಪುಸ್ತಕ ಓದೀದಿಯೋ ಇಲ್ಲೋ?"

ಹೋದ ವಾರ ಫೋನಿನಲ್ಲಿ ಸರೋಜಾ ಹೀಗೆ ಕೂಗಿದಾಗ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ನಾನೂ ಬಿಡಲಿಲ್ಲ.

"ಬರ್ತಾಳ! ಕಡೀ ಪುಟದಾಗ ಬಾಗಲಾ ಬಡೀತಾಳ. ಗಂಡ ತೆಗೀತಾನ."

ಜಗಳ ಒಂದು ಕಾದಂಬರಿಯ ನಾಯಕಿಯ ಬಗ್ಗೆ. ಮೊದಲಿನಿಂದ ಹೇಳುತ್ತೇನೆ.

ಸರೋಜಾ ನನ್ನ ಕಾಲೇಜು ಗೆಳತಿ. ಅವಳು ಲಕ್ಷ್ಮೇಶ್ವರದಲ್ಲಿ ಟೀಚರ್ ಆಗಿದ್ದಳು, ನಾನು ಬೆಟಗೇರಿಯಲ್ಲಿ ಬ್ಯಾಂಕಿನಲ್ಲಿದ್ದೆ. ಇಬ್ಬರೂ ರಿಟೈರ್ ಆದೆವು. ಇನ್ನಾದರೂ ಪಶ್ಚಿಮದ ಕ್ಲಾಸಿಕ್‌ಗಳನ್ನು ಓದಿ ಮುಗಿಸೋಣ ಎಂದುಕೊಂಡೆವು. (ಕನ್ನಡ ಅನುವಾದ ಸಿಕ್ಕಿದ್ದಷ್ಟೇ. ನಮಗೆ ಅಷ್ಟು ಇಂಗ್ಲಿಷ್ ಎಲ್ಲಿಯದು?) ಎಲ್ಲಿಂದ ಶುರು ಮಾಡುವುದು? ಗ್ರೀಕರಿಂದ ಎಂದೆ. ಅಷ್ಟೊಂದು ದೇವರ ಹೆಸರು ತಲೆಯಲ್ಲಿ ನಿಲ್ಲುವುದಿಲ್ಲ ಎಂದಳು. ರಷ್ಯಾ? ಅದು ಪಶ್ಚಿಮವೋ ಪೂರ್ವವೋ? ಈ ಗೊಂದಲದಲ್ಲೇ ಒಂದು ತಿಂಗಳು ಹೋಯಿತು. ಕೊನೆಗೆ ಇಬ್ಬರಿಗೂ ಸಿಕ್ಕ ಯುರೋಪಿನ ಹಳೆಯ ಕಾದಂಬರಿಯೊಂದನ್ನು ಹಿಡಿದೆವು. ಹೆಂಗಸೊಬ್ಬಳು ಗಂಡನ ಮನೆ ಬಿಟ್ಟು ಹೋಗುವ ಕಥೆ.

ಅಷ್ಟರಲ್ಲಿ ಸರೋಜಾಳೇ ಮುಂಡರಗಿಯ ಗಂಡನ ಮನೆ ಬಿಟ್ಟಳು! ತಾನು ಕಲಿಸಿದ ಊರು ಲಕ್ಷ್ಮೇಶ್ವರದಲ್ಲೇ ಬಾಡಿಗೆ ರೂಮು ಹಿಡಿದಳು. ಗಂಡ ಕುಡಿಯುವವರಲ್ಲ, ಹೊಡೆಯುವವರಲ್ಲ. ಮತ್ತೇನು?

"ಕೈಯಾಗ ಪುಸ್ತಕ ಹಿಡದ್ರ ಸಾಕು, ಚಾ ಮಾಡು ಅಂತಾರ. ಇಷ್ಟು ವರ್ಷ ಮಾಡೀನಿ. ಈಗ ನಾ ಓದಬೇಕು."

ಇಷ್ಟಕ್ಕೆಲ್ಲ ಮನೆ ಬಿಡುತ್ತಾರೆಯೇ? ಅಥವಾ ಇಷ್ಟು ಸಾಕೇ? ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಫೋನಿನಲ್ಲಿ ಜಗಳ ತೀರಲಿಲ್ಲ. ಮರುದಿನ ಪುಸ್ತಕ ಹಿಡಿದುಕೊಂಡು ಲಕ್ಷ್ಮೇಶ್ವರದ ಬಸ್ ಹತ್ತಿದೆ. ನೋಡಿದರೆ ಅವಳ ಪುಸ್ತಕ ಇಟ್ಟಂಗಿಯಷ್ಟು ದಪ್ಪ. ನನ್ನದು ಬೇರೆಯವರ ಅನುವಾದ, ಪಂಚಾಂಗದಷ್ಟು ತೆಳ್ಳಗೆ. ನನ್ನ ಅನುವಾದಕರು ಮುನ್ನುಡಿಯಲ್ಲಿ (ಮುನ್ನುಡಿ ಯಾರು ಓದುತ್ತಾರೆ?) ಸ್ಪಷ್ಟವಾಗಿಯೇ ಬರೆದಿದ್ದರು. ಕಥೆಯನ್ನು ಚಿಕ್ಕದು ಮಾಡಿದ್ದಾರೆ. ನಮ್ಮ ಸಂಸಾರಗಳಿಗೆ ಒಪ್ಪುವಂತೆ ಮುಕ್ತಾಯವನ್ನೂ ಬದಲಿಸಿದ್ದಾರೆ. ಮೂಲದಲ್ಲಿ ಅವಳು ಬರುವುದೇ ಇಲ್ಲ.

ಗೆದ್ದ ಖುಷಿಯಲ್ಲಿ ಸರೋಜಾ ಕುಣಿಯುತ್ತಾಳೆ ಅಂದುಕೊಂಡೆ. ಅವಳು ನನ್ನ ಪುಸ್ತಕ ಕೈಗೆತ್ತಿಕೊಂಡಳು. ಆಮೇಲೆ ಕೇಳಿದಳು:

"ನಿನ್ನ ಪುಸ್ತಕದಾಗ ಆಕಿ ಬಂದ ಮ್ಯಾಲ ಗಂಡ ಏನಂತಾನ?"

"ಏನೂ ಅನ್ನಂಗಿಲ್ಲ. ಅಲ್ಲಿಗೇ ಮುಗೀತೈತಿ."

"ನಮ್ಮ ಮನಿಯವರು ನಿನ್ನೆ ಫೋನ್ ಮಾಡಿದ್ರು. ಬಾ ಅನ್ನಲಿಲ್ಲ. ಊಟಾ ಆತೇನು ಅಂದ್ರು, ಅಷ್ಟ." ಅವಳ ದನಿ ಸಣ್ಣದಾಯಿತು. "ಹೋಗಲೇನ ಗಿರಿಜಾ?"

ಹೋಗು ಅಂದರೆ ಆ ಅನುವಾದಕರು ಮಾಡಿದ್ದನ್ನೇ ನಾನೂ ಮಾಡಿದಂತೆ. ಬ್ಯಾಡ ಅಂದರೆ ಅವಳ ಸಂಸಾರ ಮುರಿದವಳು ನಾನು. "ಖರೇನ ಗೊತ್ತಿಲ್ಲ ಸರೋಜಾ" ಎಂದೆ. ಗಿರ್ಮಿಟ್ ತಿಂದೆವು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆವು.

ನಿನ್ನೆ ಅವಳ ಫೋನ್. ಭಾನುವಾರ ಗಂಡನೇ ಆ ರೂಮಿಗೆ ಬಂದಿದ್ದರಂತೆ. ಚಾಪೆಯ ಮೇಲೆ ಕುಳಿತು ಉಂಡರಂತೆ. ಒಂದು ತಾಸು ಮಲಗಿ ಎದ್ದು, ಸಂಜೆಯ ಬಸ್ಸಿಗೆ ಮುಂಡರಗಿಗೆ ಹೋದರಂತೆ.

"ಮುಂದಿನ ಐತವಾರ ಝುಣಕಾ ಮಾಡು ಅಂದು ಹೋಗ್ಯಾರ" ಎಂದು ನಕ್ಕಳು.

"ಹಂಗಾರ ನೀ ತಿರುಗಿ ಹೋಗ್ತೀಯೋ ಇಲ್ಲೋ?"

"ಅದೆಲ್ಲಾ ಬಿಡು. ಇನ್ನೊಂದು ಪುಸ್ತಕ ಹೇಳು, ಶುರು ಮಾಡೂಣು."

ಓದುಗರೇ, ನೀವೇ ಹೇಳಿ: ಇದಕ್ಕೆ ಮನೆ ಬಿಟ್ಟದ್ದು ಅನ್ನಬೇಕೋ, ಮನೆ ಮಾಡಿದ್ದು ಅನ್ನಬೇಕೋ?